ಮದನಪಲ್ಲಿ ಮೊದಲೋ, ಶ್ರೀನಿವಾಸಪುರ ಮೊದಲೋ

ಮದನಪಲ್ಲಿ ಕೋರ್ಟಿನಿಂದ ಬಂದ ನೋಟೀಸನ್ನು ಅನಸೂಯಮ್ಮ ಎರಡು ದಿನ ರಾಗಿಹಿಟ್ಟಿನ ಡಬ್ಬದ ಮೇಲೆ ಮಡಚಿಟ್ಟಿದ್ದಳು. ಅದು ತೆಲುಗಿನಲ್ಲಿತ್ತು. ಗಡಿಯೂರು ರಾಯಲ್ಪಾಡಿನಲ್ಲಿ ಹುಟ್ಟಿ ಬೆಳೆದವಳಿಗೆ ತೆಲುಗು ಮಾತೇನೂ ಹೊಸದಲ್ಲ. ಹಸುವನ್ನು ಗದರುವುದೂ, ಮಾವಿನ ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡುವುದೂ, ಗಂಡನ ಜತೆ ಜಗಳವಾಡುವುದೂ ಅರ್ಧ ತೆಲುಗಿನಲ್ಲೇ. ಆದರೆ ಓದಿದ್ದು ಏಳನೇ ಕ್ಲಾಸಿನವರೆಗೆ, ಅದೂ ಕನ್ನಡದಲ್ಲಿ. ಗುಮಾಸ್ತನ ಅವಸರದ ಕೈಬರಹದಲ್ಲಿ ಅವಳಿಗೆ ಒಂದು ಅಕ್ಷರವೂ ಹತ್ತಲಿಲ್ಲ. ಕೋರ್ಟಿನ ಮೊಹರು ಮಾತ್ರ ಗೊತ್ತಾಯಿತು. ಎದೆ ಒಡೆಯಲು ಅಷ್ಟು ಸಾಕಾಯಿತು.

"ಡೈವರ್ಸೇ ಕಣಮ್ಮ, ಇನ್ನೇನು," ಎಂದಳು ಪಕ್ಕದ ಮನೆಯ ಮುನಿಶಾಮಮ್ಮ, ಕಾಗದವನ್ನು ಮುಟ್ಟದೆ ದೂರದಿಂದಲೇ ನೋಡಿ. "ಈ ವಯಸ್ಸಲ್ಲಿ ಮೇಷ್ಟ್ರಿಗೆ ಏನ್ ಬಂತೋ!"

ಮೂರನೇ ದಿನ ಅನಸೂಯಮ್ಮ ಬೆಳಗಿನ ಹಾಲು ಹಾಕಿ ಬಂದವಳೇ ಶ್ರೀನಿವಾಸಪುರದ ಬಸ್ಸು ಹತ್ತಿದಳು. ಅಲ್ಲಿ ಕೋರ್ಟಿನ ಎದುರಿಗೇ ವಕೀಲೆ ಚಂದ್ರಕಲಾ ಅವರ ಆಫೀಸು. ತಿಂಗಳ ಹಿಂದೆ ಅನಸೂಯಮ್ಮನೇ ಅವರ ಕೈಯಲ್ಲಿ ಒಂದು ಅರ್ಜಿ ಹಾಕಿಸಿದ್ದಳು: ನನ್ನ ಗಂಡ ನನ್ನನ್ನು ಬಿಟ್ಟು ದೂರ ಇದ್ದಾರೆ, ಬಂದು ನನ್ನ ಜತೆ ಬಾಳ್ವೆ ಮಾಡುವಂತೆ ಹೇಳಿ ಎಂದು. ಅದಕ್ಕೆ ಇದು ಅವರ ಉತ್ತರ ಎಂದುಕೊಂಡು ನೋಟೀಸನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಳು.

ಚಂದ್ರಕಲಾ ಒಂದು ಸಲ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ನಗತೊಡಗಿದರು.

"ಅಮ್ಮಾ, ಇದು ಡೈವೋರ್ಸ್ ಅಲ್ಲ. ನೀವು ಕೇಳಿರೋದನ್ನೇ ಅವ್ರೂ ಕೇಳಿದ್ದಾರೆ. ನನ್ನ ಹೆಂಡ್ತಿ ನನ್ನ ಬಿಟ್ಟು ದೂರ ಇದ್ದಾಳೆ, ಬಂದು ನನ್ನ ಜತೆ ಬಾಳ್ವೆ ಮಾಡೋ ಹಾಗೆ ಹೇಳಿ ಅಂತ. ಒಂದೇ ಕಾಯ್ದೆ, ಒಂದೇ ಸೆಕ್ಷನ್ನು!"

ಅನಸೂಯಮ್ಮ ಸೆರಗು ಕೆಳಗಿಳಿಸಿದಳು. "ಅಂದ್ರೆ ನಾನು ಬೇಕು ಅಂತ ಕೋರ್ಟಿಗೆ ಹೋಗವ್ರಾ?"

"ಬೇಕೇ ಬೇಕು ಅಂತ ಹೋಗಿದ್ದಾರೆ. ಆದ್ರೆ ಮದನಪಲ್ಲೀಲಿ."

ಅವಳಿಗೆ ಸಿಟ್ಟೂ ಬಂತು, ಮುಖದ ತುಂಬ ನಾಚಿಕೆಯೂ ಬಂತು. ಐವತ್ತಾರು ವರ್ಷದ ಹೆಂಗಸು, ಮದುವೆಯಾಗಿ ಕೋಲಾರದಲ್ಲಿ ಸಂಸಾರ ಮಾಡುತ್ತಿರುವ ಮಗಳ ತಾಯಿ. ವಕೀಲರ ಆಫೀಸಿನಲ್ಲಿ ಕೂತು ಕಿವಿಯವರೆಗೆ ಕೆಂಪಗಾದಳು.

ನಡೆದದ್ದು ಇಷ್ಟು. ಅನಸೂಯಮ್ಮನ ಗಂಡ ಕೋದಂಡರಾಮಪ್ಪನವರು ಗಡಿಯಾಚೆಯ ಮದನಪಲ್ಲಿಯವರು, ಅಲ್ಲಿಂದಾಚೆಗೆ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ತೆಲುಗು ಮೇಷ್ಟ್ರು. ಅನಸೂಯಮ್ಮ ಆವಲಮ್ಮನ ಒಬ್ಬಳೇ ಮಗಳು. ತೋಟವೂ ಹಸುಗಳೂ ಗಂಡುದಿಕ್ಕಿಲ್ಲದ ತಾಯಿಯೂ ರಾಯಲ್ಪಾಡಿನಲ್ಲಿ. ಹೀಗಾಗಿ ಮದುವೆಯಾದ ಹೊಸದರಲ್ಲೇ ಒಂದು ಒಪ್ಪಂದವಾಗಿತ್ತು. ಮೇಷ್ಟ್ರು ಶನಿವಾರ ಮಧ್ಯಾಹ್ನ ಬರುವುದು, ಸೋಮವಾರ ಬೆಳಗ್ಗೆ ಹೋಗುವುದು. ಎರಡೂರಿಗೂ ನಡುವೆ ಇಪ್ಪತ್ತೈದು ಕಿಲೋಮೀಟರ್ ಇದ್ದೀತು. ಮೂವತ್ತಮೂರು ವರ್ಷ ಹಾಗೇ ನಡೆಯಿತು. ಎರಡು ವರ್ಷದ ಹಿಂದೆ ಆವಲಮ್ಮ ತೀರಿಕೊಂಡಳು. ಆಮೇಲೆ ಮೇಷ್ಟ್ರು ರಿಟೈರ್ ಆದರು. ಆಗ ಶುರುವಾಯಿತು.

"ಇನ್ನೇನಿದೆ ಇಲ್ಲಿ? ಮದನಪಲ್ಲೀಲಿ ಮನೆ ಕಟ್ಟಿಸಿದೀನಿ, ಬಂದ್ಬಿಡು," ಎಂದರು ಮೇಷ್ಟ್ರು.

"ಇಲ್ಲೇನಿಲ್ಲ? ಸ್ಕೂಲು ಮುಗೀತಲ್ಲ, ನೀವೇ ಬಂದ್ಬಿಡಿ," ಎಂದಳು ಅನಸೂಯಮ್ಮ.

ಒಂದು ಮಾತಿಗೆ ಹತ್ತು ಮಾತಾಯಿತು. ಮುಂದಿನ ಶನಿವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಐದು ಶನಿವಾರ ಬಾಗಿಲು ನೋಡಿದ ಮೇಲೆ ಅವಳು ಚಂದ್ರಕಲಾ ಅವರನ್ನು ಹುಡುಕಿಕೊಂಡು ಹೋದದ್ದು. ಅದೇ ವಾರ ಮೇಷ್ಟ್ರು ಅತ್ತ ಸುಬ್ರಮಣಿ ಎಂಬ ವಕೀಲರ ಮನೆಯ ಮೆಟ್ಟಿಲು ಹತ್ತಿದ್ದರು. ಒಬ್ಬರನ್ನೊಬ್ಬರು ಸ್ವಲ್ಪ ಹೆದರಿಸೋಣ ಎಂಬುದಷ್ಟೇ ಇಬ್ಬರ ಮನಸ್ಸಿನಲ್ಲಿದ್ದದ್ದು.

ಆದರೆ ಕೋರ್ಟಿಗೆ ಹೋದ ಮೇಲೆ ಅದು ಗಂಡಹೆಂಡಿರ ಮಾತಾಗಿ ಉಳಿಯುವುದಿಲ್ಲ. ಒಂದೇ ವಿಷಯ ಎರಡು ಕೋರ್ಟುಗಳಲ್ಲಿ ನಡೆಯಕೂಡದು, ಮೊದಲು ಹಾಕಿದ ಕೇಸು ನಡೆಯಬೇಕು, ಆಮೇಲೆ ಹಾಕಿದ್ದು ನಿಲ್ಲಬೇಕು ಎಂಬುದು ಕಾನೂನು. ಹಾಗಾದರೆ ಮೊದಲು ಹಾಕಿದವರು ಯಾರು? ಮೇಷ್ಟ್ರ ಅರ್ಜಿ ಮಂಗಳವಾರದ್ದು, ಅನಸೂಯಮ್ಮನದು ಗುರುವಾರದ್ದು. ಆದರೆ ಮೇಷ್ಟ್ರ ಅರ್ಜಿಗೆ ಮದುವೆಯ ಫೋಟೋ ಲಗತ್ತಿಸಿಲ್ಲವೆಂದು ಕೋರ್ಟಿನ ಆಫೀಸು ಅದನ್ನು ವಾಪಸು ಕಳಿಸಿತ್ತು. ಅವರು ಫೋಟೋ ಹುಡುಕಿ ಮತ್ತೆ ಹಾಕಿದ್ದು ಮುಂದಿನ ಸೋಮವಾರ.

"ವಾಪಸ್ ಬಂದಿರೋ ಅರ್ಜಿ ಅರ್ಜಿಯೇ ಅಲ್ಲ. ನಾವೇ ಮೊದಲು," ಎಂದರು ಚಂದ್ರಕಲಾ.

"ಮಂಗಳವಾರದ ಸೀಲು ಹಾಗೇ ಇದೆ. ನಾವೇ ಮೊದಲು," ಎಂದರು ಸುಬ್ರಮಣಿ.

ಎರಡು ಕಡೆಯೂ ವಾಯಿದೆಗಳು ಬೀಳತೊಡಗಿದವು. ಮದನಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಬರುವ ಬಸ್ಸು ರಾಯಲ್ಪಾಡಿನ ಮೇಲೇ ಹಾದುಹೋಗಬೇಕು. ಮೊದಲ ವಾಯಿದೆಯ ದಿನ ಅನಸೂಯಮ್ಮ ಬಸ್ಸು ಹತ್ತಿದರೆ ಮೂರನೇ ಸಾಲಿನಲ್ಲಿ ಮೇಷ್ಟ್ರು ಕೂತಿದ್ದಾರೆ, ಪಕ್ಕದ ಸೀಟು ಖಾಲಿ ಇದೆ. ಅವಳು ನೋಡಿಯೂ ನೋಡದವಳ ಹಾಗೆ ಕಂಬಿ ಹಿಡಿದು ಶ್ರೀನಿವಾಸಪುರದವರೆಗೆ ನಿಂತೇ ಹೋದಳು. ಎರಡನೇ ಸಲ ಬಸ್ಸು ತುಂಬಿತ್ತು. ಮೇಷ್ಟ್ರು ಎದ್ದು ನಿಂತು, ಯಾರಿಗೋ ಹೇಳುವವರಂತೆ ಕಿಟಕಿಯ ಕಡೆ ನೋಡುತ್ತ, "ಕೂತ್ಕೊಳ್ಳೋರು ಕೂತ್ಕೋಬಹುದು," ಎಂದರು. ಮೂರನೇ ಸಲ ಪಕ್ಕದ ಸೀಟಿನ ಮೇಲೆ ಅವರ ಟವಲು ಹಾಸಿತ್ತು. ಅವಳು ಕೂತಳು. ನಾಲ್ಕನೇ ಸಲ ಡಬ್ಬಿಯಲ್ಲಿ ಉಪ್ಪಿಟ್ಟು ತಂದಿದ್ದಳು, ಇಬ್ಬರಿಗಾಗುವಷ್ಟು. ಕೋರ್ಟಿನ ಆವರಣ ಹೊಕ್ಕ ಮೇಲೆ ಮಾತ್ರ ಅವರು ಎದುರುಪಕ್ಷದವರಾಗಿ ಬೇರೆ ಬೇರೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು.

ಆರು ತಿಂಗಳಾದ ಮೇಲೆ ಶ್ರೀನಿವಾಸಪುರದ ನ್ಯಾಯಾಧೀಶರು ಆದೇಶ ಕೊಟ್ಟರು. ಮದನಪಲ್ಲಿಯ ಕೇಸೇ ಮೊದಲಿನದು ಎಂದು ಕಾಣುತ್ತದೆ, ಆದ್ದರಿಂದ ಇಲ್ಲಿಯದನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ ಎಂದು. ಮೇಷ್ಟ್ರ ಮುಖ ಅರಳಿತು. ಅದು ಅರಳಿದ್ದು ನಾಲ್ಕೇ ದಿನ. ಅಲ್ಲಿ ಮದನಪಲ್ಲಿಯ ನ್ಯಾಯಾಧೀಶರು, ವಾಪಸಾದ ಅರ್ಜಿಗೆ ಹಳೆಯ ತಾರೀಕು ಸಲ್ಲುವುದಿಲ್ಲ, ಶ್ರೀನಿವಾಸಪುರದ ಕೇಸೇ ಮೊದಲಿನದು, ಇಲ್ಲಿಯದನ್ನು ನಿಲ್ಲಿಸಲಾಗಿದೆ ಎಂದು ಬರೆದುಬಿಟ್ಟಿದ್ದರು. ಮದುವೆಮನೆಯ ಬಾಗಿಲಲ್ಲಿ ಇಬ್ಬರು ಬೀಗರು ‘ನೀವು ಮೊದಲು, ಇಲ್ಲ ನೀವು ಮೊದಲು’ ಎಂದು ಕೈಮುಗಿಯುತ್ತ ನಿಂತಂತಾಯಿತು. ಒಳಗೆ ಎಲೆ ಹಾಕಿದ್ದಾರೆ, ಬಡಿಸುವವರು ಕಾಯುತ್ತಿದ್ದಾರೆ, ಯಾರೂ ಹೊಸ್ತಿಲು ದಾಟುತ್ತಿಲ್ಲ.

"ಈಗೇನಮ್ಮ ಮಾಡೋದು?" ಎಂದಳು ಅನಸೂಯಮ್ಮ.

ಚಂದ್ರಕಲಾ ಪೆನ್ನು ಕಚ್ಚಿಕೊಂಡು ಯೋಚಿಸಿದರು. "ನಮ್ಮ ಹೈಕೋರ್ಟಿಗೆ ಹೋದ್ರೆ ಅವ್ರು ಆಂಧ್ರದ ಕೋರ್ಟಿಗೆ ಹೇಳೋ ಹಾಗಿಲ್ಲ. ಅವ್ರ ಹೈಕೋರ್ಟು ನಮ್ಮವ್ರಿಗೆ ಹೇಳೋ ಹಾಗಿಲ್ಲ. ಒಂದು ರಾಜ್ಯದ ಕೇಸನ್ನ ಇನ್ನೊಂದು ರಾಜ್ಯಕ್ಕೆ ಕಳಿಸೋ ಅಧಿಕಾರ ಇರೋದು ಸುಪ್ರೀಂ ಕೋರ್ಟಿಗೆ ಮಾತ್ರ. ಡೆಲ್ಲಿ."

ಡೆಲ್ಲಿಯಲ್ಲಿ ಅರ್ಪಿತ ಎಂಬ ವಕೀಲೆ ಇದ್ದಳು, ಮಾಲೂರಿನ ಹುಡುಗಿ, ಚಂದ್ರಕಲಾ ಅವರ ಹತ್ತಿರವೇ ಕೆಲಸ ಕಲಿತವಳು. ಅವಳು ಅರ್ಜಿ ಹಾಕಿದಳು. ಮದನಪಲ್ಲಿಯ ಕೇಸನ್ನು ಶ್ರೀನಿವಾಸಪುರಕ್ಕೆ ಕಳಿಸಿಕೊಡಿ ಎಂಬುದು ಪ್ರಾರ್ಥನೆ. ಮೇಷ್ಟ್ರು ಸುಬ್ರಮಣಿಯವರ ಮೂಲಕ ತಕರಾರು ಸಲ್ಲಿಸಿದರು. ಕಾಗದಗಳನ್ನು ನೋಡಿದ ನ್ಯಾಯಮೂರ್ತಿಗಳು, ಗಂಡಹೆಂಡತಿ ಇಬ್ಬರೂ ಖುದ್ದಾಗಿ ಬರಲಿ, ಒಮ್ಮೆ ನೋಡಬೇಕು ಎಂದರಂತೆ.

ಮಗಳು ಅನಿತ ಕೋಲಾರದಿಂದ ಫೋನು ಮಾಡಿದಳು. "ಟ್ರೈನ್ ಬುಕ್ ಮಾಡಿದೀನಮ್ಮ. ಇಬ್ರಿಗೂ ಒಂದೇ ಬೋಗಿ. ಅಲ್ಲಿ ಲಾಡ್ಜಲ್ಲಿ ಒಂದೇ ರೂಮು. ಬೇಕಾದ್ರೆ ಮಧ್ಯ ಗೆರೆ ಎಳ್ಕೊಳ್ಳಿ."

"ಏನೇ, ನಿಮ್ಮಪ್ಪ ನನ್ನ ಮೇಲೆ ಕೇಸ್ ಹಾಕಿರೋ ಮನುಷ್ಯ ಕಣೇ!"

"ನೀನೂ ಹಾಕಿದೀಯಲ್ಲ. ಸರಿಹೋಯ್ತು."

ಹೀಗೆ ಇಪ್ಪತ್ತೈದು ಕಿಲೋಮೀಟರಿನ ಜಗಳ ತೀರಿಸಿಕೊಳ್ಳಲು ಅವರು ಎರಡು ಸಾವಿರ ಕಿಲೋಮೀಟರ್ ಹೊರಟರು. ಮೂವತ್ತಮೂರು ವರ್ಷದಲ್ಲಿ ಇಬ್ಬರೂ ಸೇರಿ ಇಷ್ಟು ದೂರ ಎಲ್ಲಿಗೂ ಹೋಗಿರಲಿಲ್ಲ. ಶನಿವಾರ ಬಂದು ಸೋಮವಾರ ಹೋಗುವ ಗಂಡನ ಜತೆ ಹೆಂಗಸು ಎಲ್ಲಿಗೆ ತಾನೆ ಹೋದಾಳು? ಅನಸೂಯಮ್ಮ ಚಕ್ಕುಲಿ, ನಿಪ್ಪಟ್ಟು, ಹುರಿಗಡಲೆ ಚಟ್ನಿಪುಡಿ, ಎರಡು ದಿನಕ್ಕಾಗುವಷ್ಟು ಚಪಾತಿ ಕಟ್ಟಿಕೊಂಡಳು. ಮೇಷ್ಟ್ರು ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟು, ದಾಟುವ ಒಂದೊಂದು ನದಿಯ ಹೆಸರು ಹೇಳುತ್ತ ಹೋದರು. ತುಂಗಭದ್ರೆ ಬಂದಾಗ ಅವಳು ಕೈಮುಗಿದಳು. ಕೃಷ್ಣೆ ಬಂದಾಗಲೂ ಮುಗಿದಳು. ಮುಂದೆ ನರ್ಮದೆಯ ನೀರನ್ನು ನೋಡಿ, "ಅಬ್ಬಾ, ಇಷ್ಟು ನೀರು ನಮ್ಮ ತೋಟಕ್ಕೆ ಒಂದು ದಿನ ಬಂದಿದ್ರೆ," ಎಂದಳು. ಮೇಷ್ಟ್ರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ!

ಸುಪ್ರೀಂ ಕೋರ್ಟಿನಲ್ಲಿ ಅವರ ಕೇಸು ನಡೆದದ್ದು ಹೆಚ್ಚೆಂದರೆ ಏಳು ನಿಮಿಷ. ನ್ಯಾಯಮೂರ್ತಿಗಳು ವಯಸ್ಸಾದವರು. ಇಬ್ಬರನ್ನೂ ಮುಂದಕ್ಕೆ ಕರೆದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅರ್ಪಿತ ಅನಸೂಯಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಆಂಟಿ, ಡೆಲ್ಲಿಗೆ ಯಾರ ಜತೆ ಬಂದ್ರಿ ಅಂತ ಕೇಳ್ತಿದ್ದಾರೆ."

"ಇವ್ರ ಜತೆ," ಎಂದಳು ಅನಸೂಯಮ್ಮ ಪಕ್ಕಕ್ಕೆ ಗಲ್ಲ ತಿರುಗಿಸಿ.

"ಎಲ್ಲಿ ಇಳ್ಕೊಂಡಿದ್ದೀರಿ?"

"ಲಾಡ್ಜಲ್ಲಿ."

"ಇಬ್ರೂ?"

"ಇನ್ನೇನು, ಗೊತ್ತಿಲ್ಲದ ಊರಲ್ಲಿ ಇವ್ರೊಬ್ರನ್ನೇ ಬಿಡಕ್ಕಾಯ್ತದಾ?"

ಅರ್ಪಿತ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹಿಂದೆ ಕೂತಿದ್ದ ವಕೀಲರೆಲ್ಲ ನಕ್ಕರು. ನ್ಯಾಯಮೂರ್ತಿಗಳೂ ನಕ್ಕರು. ಆಮೇಲೆ ಆದೇಶ ಹೇಳಿ ಬರೆಸಿದರು. ಎರಡು ಕೋರ್ಟುಗಳಿಗೂ ಈ ಕೇಸು ನಡೆಸುವ ಅಧಿಕಾರ ಇದೆ, ಯಾರದೂ ತಪ್ಪಿಲ್ಲ. ಆದರೆ ಒಂದೇ ಮದುವೆಗೆ ಎರಡು ಊರಿನಲ್ಲಿ ಎರಡು ತೀರ್ಪು ಬಂದರೆ, ಒಂದು ಅತ್ತ ಎಳೆದು ಇನ್ನೊಂದು ಇತ್ತ ಎಳೆದರೆ, ಮನುಷ್ಯರು ಯಾವುದನ್ನು ಪಾಲಿಸಬೇಕು? ಮಂಗಳವಾರ ಮೊದಲೋ ಗುರುವಾರ ಮೊದಲೋ ಎಂಬುದಕ್ಕಿಂತ, ಹೆಂಡತಿಗೆ ಓಡಾಡಲು ಯಾವುದು ಅನುಕೂಲ ಎಂದು ನೋಡುವುದು ಮೇಲು. ಎರಡೂ ಕೇಸುಗಳು ಶ್ರೀನಿವಾಸಪುರದಲ್ಲೇ ಒಟ್ಟಿಗೆ ನಡೆಯಲಿ.

ಹೊರಗೆ ಬಂದ ಮೇಲೆ ಮೇಷ್ಟ್ರು ಸಪ್ಪಗಾದರು. "ಸರಿ, ನೀನು ಗೆದ್ದೆ. ಇನ್ನು ರಾಯಲ್ಪಾಡು ಅಂತ ಆಯ್ತು."

"ಏನ್ ಗೆದ್ದೆ?" ಎಂದಳು ಅನಸೂಯಮ್ಮ. "ಕೇಸು ಎಲ್ಲಿ ನಡೀಬೇಕು ಅಂತ ಹೇಳಿದ್ರು. ಸಂಸಾರ ಎಲ್ಲಿ ನಡೀಬೇಕು ಅಂತ ಹೇಳ್ಲಿಲ್ಲ."

ಅರ್ಪಿತ ಇಬ್ಬರನ್ನೂ ಆಟೋ ಹತ್ತಿಸಿ ಇಂಡಿಯಾ ಗೇಟು ನೋಡಿಕೊಂಡು ಬನ್ನಿ ಎಂದು ಕಳಿಸಿದಳು. ಬಿಸಿಲು ಹಿತವಾಗಿತ್ತು. ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿರುವಾಗ ಅವಳು ಮೆಲ್ಲಗೆ ಕೇಳಿದಳು, "ನಮ್ಮೂರಿಗೆ ಬರಕ್ಕೆ ನಿಮಗೇನ್ರೀ ಅಷ್ಟು ಕಷ್ಟ?"

ಮೇಷ್ಟ್ರು ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

"ಏಮೇ, ಮೂವತ್ತಮೂರು ವರ್ಷದಿಂದ ಬರ್ತಿದೀನಿ. ಬಂದ ತಕ್ಷಣ ಚಾಪೆ ಹಾಸ್ತೀಯ, ಕಾಫಿ ಕೊಡ್ತೀಯ. ಟೊಮೇಟೊಗೆ ನೀರು ಬಿಡ್ತೀನಿ ಅಂದ್ರೆ ‘ನೀವು ಕೂತ್ಕೊಳ್ಳಿ’ ಅಂತೀಯ. ಮಾವಿನಕಾಯಿ ಆರಿಸ್ತೀನಿ ಅಂದ್ರೆ ‘ನಿಮಗೆ ಗೊತ್ತಾಗಲ್ಲ’ ಅಂತೀಯ. ಎರಡು ದಿನ ನೆಂಟನಾಗಿರಬಹುದು. ಸಾಯೋತನಕ ನೆಂಟನಾಗಿರಕ್ಕೆ ಆಗ್ತದಾ? ಊರೋರೆಲ್ಲ ನನ್ನ ಇಲ್ಲರಿಕಂ ಅಲ್ಲುಡು, ಮನೆ ಅಳಿಯ ಅಂತ ಆಡ್ಕೊಳ್ಳೋದು ಬೇರೆ."

ಅನಸೂಯಮ್ಮನ ಕೈಯಲ್ಲಿದ್ದ ಕಡಲೆಬೀಜ ಹಾಗೇ ಉಳಿಯಿತು. ಇವರು ದಣಿದು ಬಂದಿರುತ್ತಾರೆ, ಎರಡು ದಿನವಾದರೂ ಸುಖವಾಗಿರಲಿ ಎಂದೇ ಅವಳು ಮೂವತ್ತಮೂರು ವರ್ಷ ಚಾಪೆ ಹಾಸಿದ್ದು. ಅದು ಅವರಿಗೆ ಹೀಗೆ ಕಂಡಿತ್ತೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಇದನ್ನ ಹೇಳಕ್ಕೆ ಡೆಲ್ಲಿಗೆ ಬರಬೇಕಿತ್ತಾ?" ಎಂದಳು. ಕಣ್ಣು ತೇವವಾಗಿತ್ತು, ನಗೆಯೂ ಬರುತ್ತಿತ್ತು. "ನಾಳಿದ್ದು ಊರಿಗೆ ಹೋದ ತಕ್ಷಣ ಡ್ರಿಪ್ ಪೈಪು ಕಟ್ಟಿಕೊಂಡದೆ, ಅದನ್ನ ನೀವೇ ಬಿಚ್ಚಿ ತೊಳೀರಿ. ಸೊಂಟ ಬಿದ್ದೋಗೋತನಕ ತೊಳೀರಿ."

"ತೊಳೀತೀನಿ," ಎಂದರು ಮೇಷ್ಟ್ರು, ಯಾರೋ ಕೈಗೆ ಬಹುಮಾನ ಕೊಟ್ಟ ಹಾಗೆ.

ಅವಳ ಮನಸ್ಸಿನ ಮಾತು ಮಾತ್ರ ಅಂದು ಹೊರಗೆ ಬರಲಿಲ್ಲ. ಅದು ಬಂದದ್ದು ವಾಪಸು ಬರುವಾಗ, ರೈಲು ಆಂಧ್ರದ ಸೀಮೆಗೆ ಇಳಿದು ಬೆಳಗಿನ ಒಂದು ಸ್ಟೇಷನ್ನಿನಲ್ಲಿ ನಿಂತಾಗ. ಮೇಷ್ಟ್ರು ಟೀ ತರಲು ಇಳಿಯುತ್ತ, "ಇದು ಯಾವ ಊರು ನೋಡು, ಬೋರ್ಡ್ ಓದು," ಎಂದರು. ಅವಳು ತಲೆ ತಗ್ಗಿಸಿದಳು. ಟೀ ಹಿಡಿದು ಬಂದಾಗಲೂ ತಗ್ಗಿಸಿಯೇ ಇದ್ದಳು.

"ನಂಗೆ ತೆಲುಗು ಓದಕ್ಕೆ ಬರಲ್ಲ ಅಂತ ನಿಮಗೆ ಗೊತ್ತಿಲ್ವಾ? ಮದನಪಲ್ಲೀಲಿ ಬಸ್ ಬೋರ್ಡು, ಅಂಗಡಿ ಬೋರ್ಡು, ಒಂದೂ ಗೊತ್ತಾಗಲ್ಲ. ನೀವು ಊರಿಗೆಲ್ಲ ಮೇಷ್ಟ್ರು. ಮೇಷ್ಟ್ರ ಹೆಂಡ್ತಿ ದಾರೀಲಿ ನಿಂತು ಕಂಡಕಂಡೋರನ್ನ ಇದು ಯಾವ ಬಸ್ಸು ಅಂತ ಕೇಳಬೇಕು. ನಿಮ್ಮ ಕೋರ್ಟಿಂದ ಬಂದ ಕಾಗದ ಓದಕ್ಕಾಗ್ದೆ ಎರಡು ದಿನ ಡೈವರ್ಸು ಅಂತ ಅತ್ತಿದೀನಿ."

ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಮನುಷ್ಯ ಮೇಷ್ಟ್ರು. ಟೀಯನ್ನು ಅವಳ ಕೈಗೆ ಕೊಟ್ಟು, ಜೇಬಿನಿಂದ ಪೆನ್ನು ತೆಗೆದು, ಕಡಲೆಕಾಯಿ ಪೊಟ್ಟಣದ ಕಾಗದ ಬಿಡಿಸಿ ಅದರ ಮೇಲೆ ಒಂದು ಅಕ್ಷರ ಬರೆದರು. ಪಕ್ಕದಲ್ಲಿ ಅದನ್ನೇ ಕನ್ನಡದಲ್ಲಿ ಬರೆದರು.

ಅನಸೂಯಮ್ಮ ನೋಡಿದಳು. ಪಕ್ಕದ ಕನ್ನಡ ಅಕ್ಷರ ನೋಡಿದಳು.

"ಇದೇನ್ರೀ ಇದು! ನಮ್ಮ ಅಕ್ಷರಾನೇ ಅಲ್ವಾ? ತಲೆ ಮೇಲೆ ಗೆರೆ ಬದಲು ಒಂದು ಕೊಕ್ಕೆ ಹಾಕವ್ರೆ, ಅಷ್ಟೇ!"

"ಅಷ್ಟೇ," ಎಂದರು ಮೇಷ್ಟ್ರು. "ಕೆಲವು ಸ್ವಲ್ಪ ಬೇರೆ. ಮುಕ್ಕಾಲುಪಾಲು ಅಷ್ಟೇ."

ಮುಂದಿನ ಸ್ಟೇಷನ್ನು ಬರುವಷ್ಟರಲ್ಲಿ ಕಾಗದದ ತುಂಬ ಅಕ್ಷರಗಳಾಗಿದ್ದವು. ಅವಳು ಕಿಟಕಿಯ ಸರಳಿಗೆ ಮುಖ ಒತ್ತಿ, ಒಂದೊಂದೇ ಅಕ್ಷರ ಕೂಡಿಸಿದಳು. "ಗುಂ... ತ... ಕ... ಗುಂತಕಲ್ಲು!" ಎದುರು ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. ಅಲ್ಲಿಂದ ಮುಂದೆ ಅವಳು ಒಂದು ಬೋರ್ಡನ್ನೂ ಬಿಡಲಿಲ್ಲ. ರೈಲು ನಿಲ್ಲದೆ ಓಡಿದ ಸಣ್ಣ ಸ್ಟೇಷನ್ನುಗಳ ಹೆಸರು ಅರ್ಧದಲ್ಲೇ ತಪ್ಪಿಹೋದಾಗ ಡ್ರೈವರನಿಗೆ ಬೈದಳು.

ಎರಡು ತಿಂಗಳಾದ ಮೇಲೆ ಶ್ರೀನಿವಾಸಪುರದ ಕೋರ್ಟಿನಲ್ಲಿ ಎರಡೂ ಕೇಸುಗಳನ್ನು ಒಟ್ಟಿಗೆ ಕೂಗಿದರು. ಚಂದ್ರಕಲಾ, ಸುಬ್ರಮಣಿ ಇಬ್ಬರೂ ಎದ್ದು ಒಂದೇ ರಾಜಿಪತ್ರವನ್ನು ಮುಂದಿಟ್ಟರು. ಯುಗಾದಿಯಿಂದ ಮಹಾಲಯ ಅಮಾವಾಸ್ಯೆಯವರೆಗೆ ಆರು ತಿಂಗಳು ಇಬ್ಬರೂ ರಾಯಲ್ಪಾಡಿನಲ್ಲಿ. ಅಲ್ಲಿಂದ ಮುಂದಿನ ಯುಗಾದಿಯವರೆಗೆ ಆರು ತಿಂಗಳು ಇಬ್ಬರೂ ಮದನಪಲ್ಲಿಯಲ್ಲಿ. ಆ ಆರು ತಿಂಗಳು ಹಸುಗಳನ್ನು ಮುನಿಶಾಮಮ್ಮ ನೋಡಿಕೊಳ್ಳುವುದು, ಹಾಲೂ ಅವಳದೇ. ರಾಯಲ್ಪಾಡಿನಲ್ಲಿ ಮೇಷ್ಟ್ರಿಗೆ ಯಾರೂ ‘ಕೂತ್ಕೊಳ್ಳಿ’ ಎನ್ನಕೂಡದು ಎಂದೂ ಸೇರಿಸಬೇಕೆಂದು ಅವರು ಹಟ ಹಿಡಿದಿದ್ದರು. ಚಂದ್ರಕಲಾ ಹೇಗೋ ಸಮಾಧಾನ ಮಾಡಿ ಬಿಡಿಸಿದ್ದರು.

ನ್ಯಾಯಾಧೀಶರು ಓದಿ ಸಂತೋಷಪಟ್ಟರು. "ಇಬ್ಬರಿಗೂ ಒಪ್ಪಿಗೆ ತಾನೆ? ಏನಾದ್ರೂ ತಕರಾರು?"

ಮೇಷ್ಟ್ರು ಕೈ ಎತ್ತಿದರು. "ಒಂದೇ ಒಂದು, ಸ್ವಾಮಿ. ಅಧಿಕಮಾಸದ ವಿಷಯ."

ಚಂದ್ರಕಲಾ ಕಣ್ಣು ಮುಚ್ಚಿಕೊಂಡರು. ಸುಬ್ರಮಣಿ ತಮ್ಮ ಕಕ್ಷಿಗಾರನ ಕೋಟು ಹಿಡಿದು ಎಳೆದರು.

"ಅಧಿಕಮಾಸ ಹೆಚ್ಚಾಗಿ ಬರೋದು ಯುಗಾದಿಯಿಂದ ಮಹಾಲಯದ ಒಳಗೇ, ಸ್ವಾಮಿ. ಪಂಚಾಂಗ ನೋಡಿದೀನಿ. ಆ ವರ್ಷ ರಾಯಲ್ಪಾಡಿಗೆ ಏಳು ತಿಂಗಳು, ಮದನಪಲ್ಲಿಗೆ ಆರೇ ತಿಂಗಳು ಆಗ್ತದೆ. ಅದು ಯಾರ ವ್ಯಾಪ್ತಿಗೆ ಬರ್ತದೆ?"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಇನ್ನೊಂದು ಸಲ ಡೆಲ್ಲಿಯವರೆಗೆ ಹೋದೀತೇನೋ ಎಂದು ಎಲ್ಲರೂ ಅನಸೂಯಮ್ಮನ ಕಡೆ ನೋಡಿದರು.

"ಅದು ಇಬ್ರದ್ದೂ ಅಲ್ಲ, ಸ್ವಾಮಿ," ಎಂದಳು ಅವಳು. "ಆ ತಿಂಗಳು ನಾವು ಯಾವೂರಲ್ಲೂ ಇರಲ್ಲ. ರೈಲು ಹತ್ತಿಬಿಡ್ತೀವಿ. ಇನ್ನೂ ನೋಡದೇ ಇರೋ ಊರು ಬೇಕಾದಷ್ಟವೆ."

ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡುತ್ತ ಮೆಲ್ಲನೆ ಕೈ ಇಳಿಸಿದರು. ನ್ಯಾಯಾಧೀಶರು ನಗು ತಡೆದುಕೊಂಡು, ಟೈಪು ಮಾಡುವ ಹೆಣ್ಣುಮಗಳ ಕಡೆ ತಿರುಗಿ ಬರೆಸತೊಡಗಿದರು: ಅಧಿಕಮಾಸ ಬಂದ ವರ್ಷ ಉಭಯ ಪಕ್ಷಕಾರರು ಆ ಒಂದು ತಿಂಗಳು ಒಟ್ಟಿಗೆ... ಅಲ್ಲಿ ನಿಲ್ಲಿಸಿ ಕೇಳಿದರು, "ತೀರ್ಥಯಾತ್ರೆ ಅಂತ ಬರೆಸಲಾ ಅಮ್ಮಾ?"

"ಬೇಡ ಸ್ವಾಮಿ, ಪ್ರವಾಸ ಅಂತಲೇ ಬರೆಸಿ," ಎಂದಳು ಅನಸೂಯಮ್ಮ ಗಾಬರಿಯಿಂದ. "ತೀರ್ಥಯಾತ್ರೆ ಅಂದ್ರೆ ಊರೋರೆಲ್ಲ ನಾವೂ ಬರ್ತೀವಿ ಅಂತ ಹೊರಟುಬಿಡ್ತಾರೆ."